ಮೀನಿಗೆ ಉಪ್ಪು ಮೊದಲು, ಹಣ್ಣಿಗೆ ಉಪ್ಪು ಕೊನೆಗೆ

ಕೋಸಂಬರಿಗೆ ಉಪ್ಪು ಬೆರೆಸುವುದು ಬಡಿಸುವ ಹೊತ್ತಿನಲ್ಲಿ. ಮೊದಲೇ ಬೆರೆಸಿದರೆ ಸೌತೆಕಾಯಿ ನೀರು ಬಿಟ್ಟು ಬೇಳೆ ತೇಲಾಡುತ್ತದೆ. ಗ್ರಿಲ್ ಮಾಡಿದ ಮೀನಿನ ಜೊತೆ ಬಡಿಸುವ ಹಣ್ಣಿನ ಸಾಲ್ಸಾಕ್ಕೂ (ಹೆಚ್ಚಿದ ಹಣ್ಣು, ಈರುಳ್ಳಿ, ಹಸಿಮೆಣಸಿನಕಾಯಿಯ ಹಸಿ ಮಿಶ್ರಣ) ಇದೇ ಲೆಕ್ಕ. ಮೀನಿಗೆ ಮಾತ್ರ ತಿರುಗಾಮುರುಗಾ: ಉಪ್ಪು ಮೊದಲೇ ಬೀಳಬೇಕು, ಅದು ಬಿಟ್ಟ ನೀರನ್ನು ಒರೆಸಿ ತೆಗೆಯಬೇಕು. ಈ ಎರಡು ಸರಿಹೋದರೆ ಕೆಲಸದ ದಿನವೂ 40 ನಿಮಿಷದಲ್ಲಿ ನಾಲ್ಕು ಜನರ ಊಟ ಸಿದ್ಧ. ನಾನು ಮಾಡುವುದು ಫ್ಲ್ಯಾಟ್‌ನ ಗ್ಯಾಸ್ ಒಲೆಯ ಮೇಲೆ, ಏಣುಗಳಿರುವ ಬೀಡಿನ ಗ್ರಿಲ್ ಕಾವಲಿಯಲ್ಲಿ. ಇದ್ದಿಲಿನ ರುಚಿಯೇ ಬೇರೆ, ನಿಜ. ಆದರೆ ಕೆಂಡ ಹದಕ್ಕೆ ಬರಲು ಅರ್ಧ ಗಂಟೆ ಬೇಕು, ಹೊಗೆ ಮೇಲಿನ ಮನೆಯವರ ಬಟ್ಟೆಗೆ ಹತ್ತುತ್ತದೆ. ಅದು ಭಾನುವಾರಕ್ಕಿರಲಿ.

ನಾಲ್ವರಿಗೆ 600 ಗ್ರಾಂ ಅಂಜಲ್ (ಸೀರ್ ಫಿಶ್) ಸಾಕು, ತಲಾ 150 ಗ್ರಾಮಿನ ನಾಲ್ಕು ತುಂಡು. ಬೆಂಗಳೂರಿನ ಅಂಗಡಿಗಳಲ್ಲಿ ಏನೂ ಹೇಳದಿದ್ದರೆ ಫ್ರೈಗೆಂದು ಒಂದು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿಬಿಡುತ್ತಾರೆ. ಅಷ್ಟು ತೆಳುವಾದರೆ ಮೇಲೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿ ಹೊಟ್ಟಾಗಿರುತ್ತದೆ. ಹೆಬ್ಬೆರಳ ದಪ್ಪ ಬೇಕು ಎಂದು ಹೇಳಿ. ಎರಡು ಸೆಂಟಿಮೀಟರ್ ಆದರೆ ಸರಿ. ಕತ್ತರಿಸುವ ಮುಂಚೆ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿರಬಾರದು. ಬೆರಳಲ್ಲಿ ಒತ್ತಿದ ಗುಳಿ ತಕ್ಷಣ ತುಂಬಿಕೊಳ್ಳಬೇಕು. ಬಂಗುಡೆ, ಅಂಜಲ್ ಎರಡೂ ಒಂದೇ ಕುಟುಂಬದ ಮೀನು. ಬೆಚ್ಚಗೆ ಬಿಟ್ಟರೆ ಇವುಗಳಲ್ಲಿ ಹಿಸ್ಟಮಿನ್ ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ಮೈ ತುರಿಸತೊಡಗುತ್ತದೆ. ಸಂಜೆ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ಮೀನು ಹೊತ್ತು ಬರುವವರು ಐಸ್ ಹಾಕಿಸಿಕೊಳ್ಳದೆ ಅಂಗಡಿ ಬಿಡಬಾರದು. ಫ್ರೀಜರ್‌ನ ಬಾಸಾ ಮೀನಿನ ಫಿಲೆ (ಮುಳ್ಳು ತೆಗೆದ ತುಂಡು) ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ನೀರೇ ಜಾಸ್ತಿ, ಕಾವಲಿಯ ಮೇಲೆ ಬೇಯದೆ ಕುದಿಯುತ್ತದೆ, ಮಗುಚುವಾಗ ಮುರಿಯುತ್ತದೆ.

ಕಾಲದ ವಿಚಾರವೂ ಇದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಮಂಗಳೂರಿನ ತಾಜಾ ಅಂಜಲ್‌ಗೆ ಒಳ್ಳೆಯ ಮಾವು ಜೊತೆಯಾಗುವುದು ಮೇ ತಿಂಗಳಲ್ಲಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುವುದರಿಂದ ಆಮೇಲೆ ಚೆನ್ನೈ ಕಡೆಯ ಮೀನನ್ನು ಕೇಳಿ ಕೊಳ್ಳಬಹುದು. ಐಸ್‌ಗಟ್ಟಿದ ಮೀನಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿಡಿ. ನಲ್ಲಿ ನೀರಿನಲ್ಲಿ ನೆನೆಹಾಕಿ ಕರಗಿಸಿದರೆ ಮಾಂಸ ಸಡಿಲವಾಗುತ್ತದೆ.

ಮನೆಗೆ ಬಂದೊಡನೆ ಕುಕ್ಕರ್‌ಗೆ ಅಕ್ಕಿ ಇಟ್ಟು, ಮೀನಿನ ತುಂಡುಗಳಿಗೆ ಒಂದು ಮಟ್ಟಸ ಟೀ ಚಮಚ ಉಪ್ಪನ್ನು ಎರಡೂ ಕಡೆ ಹಂಚಿ ಸವರಿ, ಮುಚ್ಚದೆ 15 ನಿಮಿಷ ಫ್ರಿಜ್‌ನಲ್ಲಿಡಿ. ಹೊರತೆಗೆದಾಗ ಮೇಲೆ ಬೆವರಿನಂತೆ ನೀರು ನಿಂತಿರುತ್ತದೆ. ಟಿಶ್ಯೂ ಪೇಪರ್‌ನಲ್ಲಿ ಒತ್ತಿ ಒತ್ತಿ ಒರೆಸಿ. ಚರ್ಮದ ಅಂಚನ್ನೂ, ನಡುಮುಳ್ಳಿನ ಸುತ್ತಲಿನ ಗುಳಿಯನ್ನೂ ಬಿಡಬೇಡಿ. ಇನ್ನೊಂದು ತುಂಡು ಪೇಪರ್ ಇಟ್ಟು ನೋಡಿದರೆ ಅದು ಒಣಗಿಯೇ ಉಳಿಯಬೇಕು, ಅಲ್ಲಿಯವರೆಗೆ ಒರೆಸುತ್ತಿರಿ. ಆಮೇಲೆ ಒಂದು ದೊಡ್ಡ ಚಮಚ ಎಣ್ಣೆಗೆ ಒಂದು ಟೀ ಚಮಚ ಬ್ಯಾಡಗಿ ಮೆಣಸಿನಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಕಾಲು ಚಮಚ ಅರಿಸಿನ ಕಲಸಿ ತೆಳ್ಳಗೆ ಬಳಿಯಿರಿ. ಬೆಳ್ಳುಳ್ಳಿ ಅರೆದು ಹಚ್ಚಿದರೆ ಸೀದು ಕಹಿಯಾಗುತ್ತದೆ, ಬೇಕಿದ್ದರೆ ಹಿಂಡಿದ ರಸ ಮಾತ್ರ ಬೆರೆಸಿ. ರವೆ, ಅಕ್ಕಿಹಿಟ್ಟು ಇಲ್ಲಿ ಬೇಡ, ಅವು ಎಣ್ಣೆಯಲ್ಲಿ ಕರಿಯುವ ಮೀನಿಗೆ. ನಿಂಬೆರಸವೂ ಈಗ ಬೇಡ. ಹುಳಿಯಲ್ಲಿ ಅರ್ಧ ಗಂಟೆ ಕೂತರೆ ಮೀನಿನ ಮೇಲ್ಪದರ ಬೆಳ್ಳಗಾಗಿ, ಕಾವಲಿಗೆ ಬೀಳುವ ಮೊದಲೇ ಪುಡಿಪುಡಿಯಾಗುತ್ತದೆ. ಎಣ್ಣೆ ರಿಫೈನ್ಡ್ ಕಡಲೆಕಾಯಿಯದಾದರೆ ಒಳ್ಳೆಯದು. ಅಡುಗೆಗೆ ಗಾಣದ ಎಣ್ಣೆಯೇ ನನಗೂ ಇಷ್ಟ, ಆದರೆ ಈ ಕಾವಿಗೆ ಅದು ಬೇಗ ಹೊಗೆಯಾಡುತ್ತದೆ.

ಮೀನು ಫ್ರಿಜ್‌ನಲ್ಲಿರುವ 15 ನಿಮಿಷವೇ ಹಣ್ಣು ಹೆಚ್ಚುವ ಸಮಯ. ನನ್ನ ಆಯ್ಕೆ ತೋತಾಪುರಿ, ಅದೂ ಮುಕ್ಕಾಲು ಹಣ್ಣಾದದ್ದು: ತೊಟ್ಟಿನ ಬಳಿ ಹಳದಿ, ಮೂತಿಯ ಬಳಿ ಇನ್ನೂ ಹಸಿರು. ಸಿಹಿ, ಹುಳಿ ಎರಡೂ ಇರುತ್ತದೆ, ಹೆಚ್ಚಿದ ಚೂರು ಚೂರಾಗಿಯೇ ಉಳಿಯುತ್ತದೆ. ಬಾದಾಮಿ ಚಾಕುವಿಗೆ ಸಿಕ್ಕಿದೊಡನೆ ಮೆತ್ತಗಾಗುತ್ತದೆ. ರಸಪುರಿ ಹೆಸರೇ ಹೇಳುವಂತೆ ರಸಕ್ಕೆ, ಸೀಕರಣೆಗೆ. ಹೆಚ್ಚಿದ ಮಾವು 250 ಗ್ರಾಂ ಇರಲಿ, ಚೂರುಗಳು ಕಡಲೆಕಾಳಿಗಿಂತ ತುಸು ಕಡಿಮೆ ಗಾತ್ರದಲ್ಲಿರಲಿ. ಒಂದು ಸಣ್ಣ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ 10 ನಿಮಿಷ ಬಿಟ್ಟು ಹಿಂಡಿದರೆ ಘಾಟು ಹೋಗುತ್ತದೆ. ಒಂದು ಹಸಿಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಸೊಪ್ಪು, ಚಿಟಿಕೆ ಹುರಿದ ಜೀರಿಗೆಪುಡಿ. ಸೊಪ್ಪು ತೊಳೆದ ನೀರನ್ನು ಚೆನ್ನಾಗಿ ಕೊಡವಿ. ಇಷ್ಟನ್ನೂ ಬಟ್ಟಲಿಗೆ ಹಾಕಿ, ಬೆರೆಸದೆ ಹಾಗೇ ಬಿಡಿ. ಕಾಲು ಚಮಚ ಉಪ್ಪು, ಅರ್ಧ ಹೋಳು ನಿಂಬೆ ಪಕ್ಕದಲ್ಲಿ ಕಾಯುತ್ತಿರಲಿ.

ಕಾವಲಿಯನ್ನು ಮಧ್ಯಮ ಉರಿಯಲ್ಲಿ 6-7 ನಿಮಿಷ ಬರಿದೇ ಕಾಯಿಸಿ. ಬೀಡು ನಿಧಾನಕ್ಕೆ ಕಾಯುತ್ತದೆ. ಉರಿ ಜೋರು ಮಾಡಿ ಅವಸರಪಟ್ಟರೆ ನಡು ಕಾದು ಅಂಚು ತಣ್ಣಗಿರುತ್ತದೆ. ಇಂಡಕ್ಷನ್ ಒಲೆಯಲ್ಲಿ ಈ ಏರುಪೇರು ಇನ್ನೂ ಹೆಚ್ಚು, ಅಲ್ಲಿ ಕಡಿಮೆ ಕಾವಿನಲ್ಲಿ 10 ನಿಮಿಷ ಕೊಡಿ. ಚಿಮುಕಿಸಿದ ನೀರಿನ ಹನಿ ಕುಣಿದು ಮಾಯವಾದರೆ ಮೀನು ಇಡಬಹುದು. ಎಣ್ಣೆ ಮೀನಿಗಿದೆ, ಕಾವಲಿಗೆ ಸುರಿಯಬೇಡಿ. ಏಣುಗಳ ನಡುವಿನ ತಗ್ಗಿನಲ್ಲಿ ನಿಂತ ಎಣ್ಣೆ ಬರೀ ಹೊಗೆಯಾಗುತ್ತದೆ.

ತುಂಡು ಇಟ್ಟ ಮೇಲೆ ನಾಲ್ಕು ನಿಮಿಷ ಕೈ ಹಚ್ಚಬಾರದು. ಕಷ್ಟವಾಗುವುದು ಇಲ್ಲಿಯೇ. ಮೊದಲು ಚುರ್ರೆಂದು ಜೋರಾಗಿ ಸದ್ದು, ಹಸಿ ನೀರಿನ ಸದ್ದು ಅದು. ಎರಡನೇ ನಿಮಿಷದ ಹೊತ್ತಿಗೆ ಮೀನು ಏಣಿಗೆ ಅಂಟಿಕೊಂಡಿರುತ್ತದೆ. ಆಗ ಎಬ್ಬಿಸಿದರೆ ಸೊಗಸಾದ ಮೇಲ್ಪದರವೆಲ್ಲ ಕಾವಲಿಯಲ್ಲೇ ಉಳಿಯುತ್ತದೆ. ಕಾದರೆ ಸದ್ದು ಸಣ್ಣಗಾಗಿ ಚಿಟಿಚಿಟಿ ಎನ್ನತೊಡಗುತ್ತದೆ, ತುಂಡಿನ ಅಂಚಿನಲ್ಲಿ ಬಿಳುಪು ಕೆಳಗಿನಿಂದ ಅರ್ಧದವರೆಗೆ ಏರುತ್ತದೆ, ಮೀನು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಮೊಗಚೆಕೈಯನ್ನು ಏಣಿನ ಉದ್ದಕ್ಕೆ ತೂರಿಸಿ ಒಂದೇ ಸಲ ಮಗುಚಿ. ತಡೆದರೆ ಇನ್ನರ್ಧ ನಿಮಿಷ ಬಿಡಿ. ಎರಡನೇ ಬದಿಗೆ ಮೂರು ನಿಮಿಷ. ನಡುಮುಳ್ಳಿನ ಪಕ್ಕ ಕಡ್ಡಿ ಚುಚ್ಚಿ ನೋಡಿದಾಗ ಪದರ ಬಿಚ್ಚಿಕೊಂಡು, ತೀರಾ ಒಳಗೆ ಒಂದು ಗೆರೆ ಮಾತ್ರ ಗಾಜಿನಂತೆ ಕಂಡರೆ ಇಳಿಸುವ ಹದ. ತಟ್ಟೆಯಲ್ಲಿ ಎರಡು ನಿಮಿಷ ಕೂತರೆ ಅದೂ ಬೇಯುತ್ತದೆ. ಥರ್ಮಾಮೀಟರ್ ಇದ್ದವರು ಈ ಎರಡು ನಿಮಿಷದ ಕೊನೆಗೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಇದೆಯೇ ನೋಡಿಕೊಳ್ಳಿ. 10 ಇಂಚಿನ ಕಾವಲಿಗೆ ಒಮ್ಮೆಗೆ ಎರಡೇ ತುಂಡು ಹಾಕಿ, ನಾಲ್ಕು ತುರುಕಿದರೆ ಕಾವು ಇಳಿದು ಮತ್ತೆ ನೀರು ಬಿಡುತ್ತದೆ.

ಕೊನೆಯ ಸುತ್ತು ತಟ್ಟೆಗೆ ಬಂದ ಮೇಲೆ ಸಾಲ್ಸಾಕ್ಕೆ ಉಪ್ಪು, ನಿಂಬೆರಸ ಹಾಕಿ ಎರಡೇ ಸಲ ಕೈಯಾಡಿಸಿ ಬಡಿಸಿ. ಬಿಸಿ ಅನ್ನ ಇಲ್ಲವೇ ಅಕ್ಕಿರೊಟ್ಟಿ ಜೊತೆಗಿರಲಿ.

ಬಂಗುಡೆಯಾದರೆ ಇಡಿಯಾಗಿಯೇ ಇಡಿ: 200 ಗ್ರಾಮಿನದಕ್ಕೆ ಎರಡೂ ಬದಿ ಮೂರು ಮೂರು ಗೀಟು ಹಾಕಿ, ಮೊದಲ ಬದಿಗೆ ಐದು ನಿಮಿಷ, ಎರಡನೆಯದಕ್ಕೆ ನಾಲ್ಕು. ಎಣ್ಣೆಯಂಶ ಹೆಚ್ಚಿರುವುದರಿಂದ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೂ ಒಣಗುವುದಿಲ್ಲ, ಹೊಸಬರು ಇದರಿಂದಲೇ ಶುರು ಮಾಡಲಿ. ಆ ಎಣ್ಣೆಗೆ ಸಿಹಿ ಮಾವಿಗಿಂತ ಹುಳಿ ಹಣ್ಣು ಚೆನ್ನ. ದೇವನಹಳ್ಳಿ ಚಕ್ಕೋತ ಸಿಕ್ಕರೆ ಬಿಡಬೇಡಿ. ತೊಳೆಯ ಮೇಲಿನ ಬಿಳಿ ಪೊರೆ ಒಂದಿಷ್ಟೂ ಉಳಿಯದಂತೆ ಸುಲಿಯಬೇಕು, ಕಹಿಯೆಲ್ಲ ಅದರಲ್ಲಿದೆ. ಬಿಡಿಸಿದ ಎಸಳುಗಳನ್ನು ಚಾಕುವಿನಿಂದ ಹೆಚ್ಚದೆ ಕೈಯಿಂದಲೇ ಉದುರಿಸಿ, ರಸ ಒಡೆಯುವುದಿಲ್ಲ. ಚಕ್ಕೋತ ಹುಳಿ ಇದ್ದರೆ ನಿಂಬೆ ಬೇಡ, ಚಿಟಿಕೆ ಬೆಲ್ಲ ಸಾಕು.

ಅನಾನಸ್, ಪರಂಗಿ ಬಳಸುವಾಗ ಒಂದು ಎಚ್ಚರ. ಅನಾನಸ್‌ನಲ್ಲಿರುವ ಬ್ರೊಮೆಲೈನ್, ಪರಂಗಿಯ ಪಪೈನ್ ಎರಡೂ ಮಾಂಸದ ಪ್ರೋಟೀನನ್ನು ಒಡೆಯುತ್ತವೆ. ಇವುಗಳ ಸಾಲ್ಸಾವನ್ನು ಹಸಿ ಮೀನಿಗೆ ಮಸಾಲೆಯಂತೆ ಸವರಬಾರದು. ಉಳಿದದ್ದನ್ನು ಒಂದೇ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆಗೆ ಮೀನು ಹಿಟ್ಟಿನಂತಾಗಿರುತ್ತದೆ. ಬೇರೆ ಬೇರೆ ಡಬ್ಬಿಗೆ ಹಾಕಿ ತಕ್ಷಣ ಫ್ರಿಜ್‌ಗಿಡಿ. ಮರುದಿನ ಮೀನನ್ನು ಬಿಸಿ ಮಾಡಿದರೆ ಗಟ್ಟಿಯಾಗಿ ವಾಸನೆಯೇಳುತ್ತದೆ, ತಣ್ಣಗಿರುವಾಗಲೇ ಮುಳ್ಳು ಬಿಡಿಸಿ ಚಪಾತಿಯಲ್ಲಿ ಸುತ್ತಿ ತಿನ್ನಬಹುದು. ಸಾಲ್ಸಾ ಬಿಟ್ಟ ನೀರನ್ನು ಬಸಿದು ಚೆಲ್ಲಬೇಡಿ, ಮಜ್ಜಿಗೆಗೆ ಬೆರೆಸಿ ಕುಡಿಯಿರಿ.