ಅಡಿಕೆ ಆರಿಸುವ ಕಣ್ಣಿನ ಜಾಡು ಹಿಡಿಯುವುದು ಹೇಗೆ

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಈಗ ಅರವತ್ತನಾಲ್ಕು ವರ್ಷ. ಬೇಯಿಸಿ ಒಣಗಿಸಿದ ಕೆಂಪಡಿಕೆಯ ಗುಡ್ಡೆಯ ಮುಂದೆ ಕುಳಿತರೆ, ‘ರಾಶಿ’ ಎಂಬ ಒಳ್ಳೆಯ ದರ್ಜೆಯ ಅಡಿಕೆಯಲ್ಲಿ ಬೆರೆತ ಕೆಳದರ್ಜೆಯ ‘ಗೊರಬಲನ್ನು’ ಊರಿನ ಸುದ್ದಿ ಹೇಳುತ್ತಲೇ ಹೆಕ್ಕಿ ಬದಿಗೆ ಹಾಕುತ್ತಾರೆ. ಅದೇ ಗುಡ್ಡೆಯ ಮುಂದೆ ನಾನು ಕುಳಿತರೆ ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಬೇಕು. ಶಿವಮೊಗ್ಗದಲ್ಲಿ ಮನಶ್ಶಾಸ್ತ್ರ ಕಲಿಸುವ ನನ್ನನ್ನು ಈ ವ್ಯತ್ಯಾಸ ಬಹಳ ವರ್ಷ ಕಾಡಿತು. ಕೊನೆಗೆ ಒಂದು ಐ ಟ್ರ್ಯಾಕರ್ ಕನ್ನಡಕವನ್ನು ಎರವಲು ತಂದು ಜಗಲಿಗೇ ಹೋದೆ. ಅಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ. ಹೊಲಿಗೆಯಾಗಲಿ, ವಾಹನ ಚಾಲನೆಯಾಗಲಿ, ಕೈ ಮತ್ತು ಕಣ್ಣು ಕೂಡಿ ಮಾಡುವ ಯಾವ ಕೆಲಸವನ್ನು ಅಧ್ಯಯನ ಮಾಡಲು ಹೊರಟವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಈ ಕನ್ನಡಕದಲ್ಲಿ ಎರಡು ಬಗೆಯ ಕ್ಯಾಮೆರಾಗಳಿವೆ. ಒಂದು ಎದುರಿನ ದೃಶ್ಯವನ್ನು ಹಿಡಿಯುತ್ತದೆ. ಇನ್ನೊಂದು ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಕಣ್ಣಿನ ಪಾಪೆಯನ್ನು ಹಿಂಬಾಲಿಸುತ್ತದೆ. ಎರಡನ್ನೂ ಹೊಂದಿಸಿದಾಗ ವಿಡಿಯೋದ ಮೇಲೆ ಒಂದು ಚುಕ್ಕಿ ಓಡಾಡುತ್ತದೆ; ನೋಟ ಆ ಕ್ಷಣ ಅಲ್ಲಿದೆ ಎಂದು ಅರ್ಥ. ತೋಳು ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಸುಮಾರು 2 ಡಿಗ್ರಿ. ನಮಗೆ ಸೂಕ್ಷ್ಮವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ. ಆದ್ದರಿಂದಲೇ ಕಣ್ಣು ಒಂದೆಡೆ ಕ್ಷಣ ನಿಂತು, ನೆಗೆದು, ಮತ್ತೊಂದೆಡೆ ನಿಲ್ಲುತ್ತದೆ. ಓದುವಾಗ ಒಂದೊಂದು ನಿಲುಗಡೆ ಸೆಕೆಂಡಿನ ಕಾಲು ಭಾಗದಷ್ಟು.

ಸಾಧನ ಕೈಗೆ ಬರುವ ಮೊದಲೇ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡಿ. ‘ಪರಿಣತರು ಹೇಗೆ ನೋಡುತ್ತಾರೆ?’ ಎಂಬುದು ಪ್ರಶ್ನೆಯಲ್ಲ. ‘ಅಡಿಕೆ ಕೈಯಲ್ಲಿರುವಾಗ ದೊಡ್ಡಮ್ಮನ ನೋಟ ಅದರ ಮೇಲೆ ಎಷ್ಟು ಹೊತ್ತು ಇರುತ್ತದೆ, ಹೊಸಬರದು ಎಷ್ಟು ಹೊತ್ತು?’ ಎಂಬುದು ಪ್ರಶ್ನೆ. ಮೊದಲ ವರ್ಷ ನಾನು ಇದನ್ನು ಬರೆಯದೆ ಹೋಗಿ, ಯಾವುದಕ್ಕೂ ಉತ್ತರ ಕೊಡದ ಐದು ಗಂಟೆಗಳ ವಿಡಿಯೋ ಹೊತ್ತು ತಂದೆ.

ಸರಿ ಯಾವುದು, ತಪ್ಪು ಯಾವುದು ಎಂಬುದೂ ಮೊದಲೇ ಗೊತ್ತಿರಬೇಕು. ಊರಿನ ಮೂವರು ಅನುಭವಿಗಳಿಂದ ಬೇರೆ ಬೇರೆಯಾಗಿ ಅಡಿಕೆ ಆರಿಸಿಸಿ, ಮೂವರೂ ಒಪ್ಪಿದವನ್ನು ಮಾತ್ರ ಇಟ್ಟುಕೊಂಡೆ. 180 ರಾಶಿ, 20 ಗೊರಬಲು. ಎಣಿಸಿ ಬೆರೆಸಿದ ಇದೇ ಗುಡ್ಡೆಯನ್ನು ದೊಡ್ಡಮ್ಮನಿಗೂ ಕೊಟ್ಟೆ, ಪದವಿ ಓದುತ್ತಿರುವ ಅವರ ಮೊಮ್ಮಗಳಿಗೂ ಕೊಟ್ಟೆ. ಎಷ್ಟು ತಪ್ಪಿತು ಎಂಬುದು ಕೊನೆಗೆ ಎಣಿಸಿದರೆ ತಿಳಿಯುತ್ತದೆ. ಈ ಎಣಿಕೆ ಇಲ್ಲದಿದ್ದರೆ ಚುಕ್ಕಿಯ ಓಡಾಟವನ್ನು ಕೆಲಸದ ಗುಣಮಟ್ಟಕ್ಕೆ ಜೋಡಿಸಲು ದಾರಿಯೇ ಇಲ್ಲ.

ಇನ್ನು ಜಾಗ. ನನ್ನ ಅತಿ ದೊಡ್ಡ ತಪ್ಪು ಆದದ್ದು ಇಲ್ಲಿಯೇ. ಅಡಿಕೆ ಒಣಗುವ ಅಂಗಳದಲ್ಲಿಯೇ ಕೂರಿಸಿದರೆ ಕೆಲಸ ಸಹಜವಾಗಿರುತ್ತದೆ ಎಂದುಕೊಂಡೆ. ಬಿಸಿಲಿನಲ್ಲಿಯೂ ಅವಕೆಂಪು ಬೆಳಕು ತುಂಬಿದೆ. ಕನ್ನಡಕದ ಪುಟ್ಟ ದೀಪ ಅದರ ಮುಂದೆ ಸೋತಿತು, ಪಾಪೆ ಸಿಗಲೇ ಇಲ್ಲ. ಜಗಲಿಯ ಒಳಬದಿಗೆ, ಬಿಸಿಲು ನೇರವಾಗಿ ಬೀಳದ ಕಡೆಗೆ ಹೋದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಎರಡನೆಯ ತೊಂದರೆ ಎದುರಾಯಿತು. ನೆಲದ ಮೇಲಿನ ಚಾಪೆಯನ್ನು ನೋಡಲು ದೊಡ್ಡಮ್ಮ ಕಣ್ಣು ಕೆಳಗಿಳಿಸಿದಾಗ ಮೇಲಿನ ರೆಪ್ಪೆ ಪಾಪೆಯನ್ನು ಅರ್ಧ ಮುಚ್ಚಿಬಿಡುತ್ತಿತ್ತು. ಪುಸ್ತಕಗಳು ಪರದೆಯ ಮುಂದೆ ನೇರವಾಗಿ ಕುಳಿತವರ ಬಗ್ಗೆಯೇ ಹೇಳುತ್ತವೆ. ನಮ್ಮ ಕಡೆಯ ಕೆಲಸವೆಲ್ಲ ಬಗ್ಗಿ ಮಾಡುವ ಕೆಲಸ. ಅಡಿಕೆಯನ್ನು ಮರಿಗೆಗೆ (ಮರದ ಅಗಲ ಪಾತ್ರೆಗೆ) ಹಾಕಿ, ಅದನ್ನು ಗಿಡ್ಡ ಸ್ಟೂಲಿನ ಮೇಲಿಟ್ಟು, ಕಣ್ಣಿನ ಕ್ಯಾಮೆರಾವನ್ನು ಕೆಳಗಿನಿಂದ ಮೇಲಕ್ಕೆ ನೋಡುವಂತೆ ತಿರುಗಿಸಿದೆ. ಇದರಿಂದ ಅವರು ಕೂರುವ ರೀತಿ ತುಸು ಬದಲಾಯಿತು ಎಂಬುದು ನಿಜ. ಅದಕ್ಕಾಗಿ ಅವರು ಹೊಸ ಎತ್ತರಕ್ಕೆ ಒಗ್ಗುವವರೆಗೆ, ಎರಡು ದಿನ, ಏನನ್ನೂ ದಾಖಲಿಸಲಿಲ್ಲ.

ಕಾಡಿಗೆ ಹಚ್ಚಿದ್ದರೆ ಒರೆಸಿಕೊಳ್ಳಲು ಹೇಳಿ; ಕಪ್ಪು ರೆಪ್ಪೆಯನ್ನು ಸಾಧನ ಪಾಪೆ ಎಂದು ತಪ್ಪು ತಿಳಿಯುತ್ತದೆ. ಓದುವ ಕನ್ನಡಕ ಬೇಕಾದವರಿಗೆ ಟ್ರ್ಯಾಕರ್‌ಗೆ ಜೋಡಿಸುವ ಮಸೂರವಿದೆಯೇ ಎಂದು ಮೊದಲೇ ವಿಚಾರಿಸಿ. ಮಂಜು ಮಂಜಾಗಿ ಕಾಣುವಾಗ ಮಾಡಿದ ಕೆಲಸದಿಂದ ಯಾವ ತೀರ್ಮಾನಕ್ಕೂ ಬರಬಾರದು.

ಕ್ಯಾಲಿಬ್ರೇಷನ್ ಎಂದರೆ ಗೊತ್ತಿರುವ ಬಿಂದುಗಳನ್ನು ನೋಡಿಸಿ ಸಾಧನವನ್ನು ಹೊಂದಿಸುವುದು. ಅದನ್ನು ಕೆಲಸ ನಡೆಯುವ ದೂರದಲ್ಲಿಯೇ ಮಾಡಬೇಕು. ಎದುರು ಗೋಡೆಯ ಮೇಲೆ ಮಾಡಿ ಆಮೇಲೆ ಕೈಯಲ್ಲಿರುವ ಅಡಿಕೆ ನೋಡಿಸಿದರೆ ಚುಕ್ಕಿ ಪಕ್ಕಕ್ಕೆ ಸರಿಯುತ್ತದೆ, ಏಕೆಂದರೆ ಎದುರಿನ ಕ್ಯಾಮೆರಾ ಮತ್ತು ಕಣ್ಣು ಒಂದೇ ಜಾಗದಲ್ಲಿಲ್ಲ. ನಾನು ಮರಿಗೆಯ ಮೇಲೆ ರಟ್ಟು ಇಟ್ಟು, ಒಂಬತ್ತು ಗುರುತು ಬರೆದು, ಒಂದೊಂದನ್ನೇ ಬೆರಳಿನಿಂದ ತೋರಿಸಿದೆ. ಆಮೇಲೆ ಬೇರೆ ನಾಲ್ಕು ಗುರುತುಗಳನ್ನು ನೋಡಿಸಿ, ಚುಕ್ಕಿ ಎಷ್ಟು ದೂರ ಬೀಳುತ್ತದೆ ಎಂದು ಅಳೆದೆ. 40 ಸೆಂಟಿಮೀಟರ್ ದೂರದಲ್ಲಿ 1 ಡಿಗ್ರಿ ಎಂದರೆ ಸುಮಾರು 7 ಮಿಲಿಮೀಟರ್. ಎರಡು ಸೆಂಟಿಮೀಟರ್ ಅಗಲದ ಅಡಿಕೆಯ ನಡುವನ್ನು ನೋಡಿದಾಗ 1 ಡಿಗ್ರಿ ತಪ್ಪಿದರೂ ಚುಕ್ಕಿ ಅದೇ ಅಡಿಕೆಯ ಮೇಲಿರುತ್ತದೆ. 2 ಡಿಗ್ರಿ ತಪ್ಪಿದರೆ ಪಕ್ಕದ ಅಡಿಕೆಗೆ ಹೋಗುತ್ತದೆ. ನಿಮ್ಮ ವಸ್ತುವಿನ ಅಳತೆಗೆ ಈ ಲೆಕ್ಕ ಮಾಡಿಯೇ ಮುಂದುವರಿಯಿರಿ. ಬೆವರಿಗೆ ಕನ್ನಡಕ ಜಾರುತ್ತದೆ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಮತ್ತು ಕೊನೆಯಲ್ಲಿ ಮತ್ತೆ ಪರೀಕ್ಷಿಸಿ.

ಅನುಮತಿಯ ಮಾತು. ಎದುರಿನ ಕ್ಯಾಮೆರಾಕ್ಕೆ ಜಗಲಿಗೆ ಬಂದುಹೋಗುವವರೆಲ್ಲ ಸಿಕ್ಕಿಬೀಳುತ್ತಾರೆ. ಕನ್ನಡಕ ಹಾಕಿದವರ ಸಹಿಯಷ್ಟೇ ಸಾಲದು. ಮನೆಯವರಿಗೆಲ್ಲ ತಿಳಿಸಿ, ಬೇಡ ಎಂದವರು ಇರುವ ಭಾಗವನ್ನು ಅಳಿಸಿ. ಕೂಲಿಗೆ ಬಂದವರನ್ನು ಕೂರಿಸಿದರೆ ಆ ಹೊತ್ತಿನ ಕೂಲಿಯನ್ನು ನೀವು ಕೊಡಬೇಕು. ಸುಗ್ಗಿಯ ದಿನಗಳಲ್ಲಿ ಅವರ ಒಂದು ಗಂಟೆಗೆ ಬೆಲೆ ಇದೆ.

ದಾಖಲಿಸುವಾಗ ಸುಮ್ಮನಿರಿ. ‘ಏನು ನೋಡುತ್ತಿದ್ದೀರಿ?’ ಎಂದು ಕೇಳಿದರೆ ಉತ್ತರಿಸಲು ಹೋಗಿ ನೋಟವೇ ಬದಲಾಗುತ್ತದೆ. ವಿಶ್ಲೇಷಣೆಯಲ್ಲಿ ತಂತ್ರಾಂಶ ತಾನೇ ಎಣಿಸಿಕೊಡುವ ನಿಲುಗಡೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ತಲೆ ಅಲುಗಿದಾಗ ನೋಟ ಒಂದೇ ಅಡಿಕೆಯ ಮೇಲೆ ಉಳಿಯಲು ಕಣ್ಣು ಎದುರು ದಿಕ್ಕಿಗೆ ತಿರುಗುತ್ತದೆ. ಕಣ್ಣಿನ ವೇಗವನ್ನಷ್ಟೇ ಅಳೆಯುವ ತಂತ್ರಾಂಶಕ್ಕೆ ಅದು ನೆಗೆತದಂತೆ ಕಾಣಬಹುದು. ನಾನು ವಿಡಿಯೋವನ್ನು ನಿಧಾನವಾಗಿ ಓಡಿಸಿ, ನೋಟ ಕೈಯಲ್ಲಿರುವ ಅಡಿಕೆಯ ಮೇಲೋ, ಗುಡ್ಡೆಯ ಮೇಲೋ, ಬೇರೆಡೆಯೋ ಎಂದು ಕೈಯಿಂದಲೇ ಗುರುತು ಹಾಕಿದೆ. ಬೇಸರದ ಕೆಲಸ. ಆದರೆ ಕಂಡುಕೊಂಡದ್ದೆಲ್ಲ ಕಂಡದ್ದು ಇದರಲ್ಲಿಯೇ.

ಮೊಮ್ಮಗಳ ಚುಕ್ಕಿ ಕೈಯಲ್ಲಿರುವ ಅಡಿಕೆಗೇ ಅಂಟಿಕೊಂಡಿತ್ತು. ದೊಡ್ಡಮ್ಮನದು, ಬೆರಳು ಅಡಿಕೆಯನ್ನು ಎತ್ತುವಷ್ಟರಲ್ಲಿ ಗುಡ್ಡೆಯಲ್ಲಿನ ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಕಣ್ಣು ಕೈಗಿಂತ ಮುಂದಿರುವುದು ಹೊಸ ಸಂಗತಿಯಲ್ಲ. 1999ರಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಸಂಗಡಿಗರು ಚಹಾ ಮಾಡುವವರ ಕಣ್ಣನ್ನು ಹಿಂಬಾಲಿಸಿದಾಗಲೂ ನೋಟ ಕೈಗಿಂತ ಸುಮಾರು ಅರ್ಧ ಸೆಕೆಂಡು ಮೊದಲೇ ವಸ್ತುವನ್ನು ತಲುಪುತ್ತಿತ್ತು. ಹಾಗಾದರೆ ಅಡಿಕೆ ಗುಡ್ಡೆಯಲ್ಲಿ ಇರುವಾಗಲೇ ದೊಡ್ಡಮ್ಮ ಬಣ್ಣ ನೋಡಿ ತೀರ್ಮಾನಿಸುತ್ತಾರೆ ಎಂದು ಬರೆದುಕೊಂಡೆ.

ಹಾಗೆ ಬರೆದು ಮುಗಿಸಿದ್ದರೆ ತಪ್ಪಾಗುತ್ತಿತ್ತು. ನೋಟ ಬಿದ್ದದ್ದಕ್ಕೂ ಮನಸ್ಸು ಗ್ರಹಿಸಿದ್ದಕ್ಕೂ ವ್ಯತ್ಯಾಸವಿದೆ. 2013ರ ಒಂದು ಪ್ರಯೋಗದಲ್ಲಿ ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿ 24 ರೇಡಿಯಾಲಜಿ ವೈದ್ಯರಿಗೆ ತೋರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ. ಅವರಲ್ಲಿ 12 ಮಂದಿಯ ನೋಟ ನೇರವಾಗಿ ಅದರ ಮೇಲೆಯೇ ಹಾದುಹೋಗಿತ್ತು. ಆದ್ದರಿಂದ ದಾಖಲಿಸಿದ ದಿನವೇ, ನೆನಪು ಹಸಿಯಾಗಿರುವಾಗ, ವಿಡಿಯೋವನ್ನು ಕನ್ನಡಕ ಹಾಕಿದವರಿಗೇ ತೋರಿಸಿ ಮಾತನಾಡಿಸಿ. ಈ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ.

ಲ್ಯಾಪ್‌ಟಾಪಿನಲ್ಲಿ ಒಂದು ಗೊರಬಲು ಬದಿಗೆ ಬೀಳುವ ಕ್ಷಣದಲ್ಲಿ ವಿಡಿಯೋ ನಿಲ್ಲಿಸಿ ಕೇಳಿದೆ: “ದೊಡ್ಡಮ್ಮ, ಇಲ್ಲಿ ನಿಮ್ಮ ಕಣ್ಣು ಬೇರೆ ಕಡೆ ಇದೆ. ಇದು ಗೊರಬಲು ಎಂದು ಹೇಗೆ ತಿಳಿಯಿತು?”

“ಕಣ್ಣಿಗೆ ಅನುಮಾನ ಬಂದದ್ದನ್ನು ಕೈ ಹೇಳುತ್ತದೆ ಕೂಸೇ. ಹಗುರ ಇದ್ದರೆ ಬೆರಳಿಗೇ ಗೊತ್ತಾಗುತ್ತದಲ್ಲ” ಎಂದರು.

ಮಾತನ್ನು ಹಾಗೆಯೇ ಒಪ್ಪಬಾರದು, ಪರೀಕ್ಷಿಸಬೇಕು. ಮರುದಿನ ಅವರಿಗೆ ದಪ್ಪ ಕೈಗವಸು ತೊಡಿಸಿ ಅದೇ ಗುಡ್ಡೆಯನ್ನು ಮತ್ತೆ ಬೆರೆಸಿ ಕೊಟ್ಟೆ. ಊರಿನ ಸುದ್ದಿ ನಿಂತಿತು. ಚುಕ್ಕಿ ಮುಂದಿನ ಅಡಿಕೆಗೆ ಓಡದೆ, ಮೊಮ್ಮಗಳದರಂತೆ, ಕೈಯಲ್ಲಿರುವುದರ ಮೇಲೆಯೇ ನಿಲ್ಲತೊಡಗಿತು. ನಡುವೆ ಎರಡು ಬಾರಿ ಅವರು ಕೈಗವಸನ್ನು ಎಳೆದು ತೆಗೆಯಲು ಹೋದರು. ಅದೂ ದಾಖಲಾಗಿದೆ.