ಬಟ್ಟಲಿಗೆ ಅಂಟಿದ್ದ ತುಪ್ಪ

ಮಗನ ಫಿಟ್ಸ್‌ಗೆ ಅಂತ ಕೀಟೋ, ಅಂದರೆ ಕೊಬ್ಬು ಜಾಸ್ತಿ, ಅನ್ನ-ಸಕ್ಕರೆ ತೀರಾ ಕಮ್ಮಿ ಇರುವ ಪಥ್ಯ, ಶುರು ಮಾಡಿದಾಗ ಅತ್ತೆ ಕೇಳಿದ್ದು ಒಂದೇ: "ಅನ್ನ ಬಿಡಿಸಿ ಬರೀ ತುಪ್ಪ ತಿನ್ನಿಸಿದ್ರೆ ಮಗು ಉಳಿಯುತ್ತೇನಮ್ಮಾ?" ಪಕ್ಕದ ಮನೆಯವರಿಗೆ ಇದು ತೂಕ ಇಳಿಸುವ ಶೋಕಿ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಇದನ್ನು ಫಿಟ್ಸ್‌ಗೆ ಅಂತಲೇ ಹೇಳಿದ್ದು ಅಂದರೆ ಯಾರು ನಂಬುತ್ತಾರೆ? ಮಗನಿಗೆ ಎರಡು ಔಷಧ ಕೊಟ್ಟರೂ ದಿನಕ್ಕೆ ಎಂಟು ಹತ್ತು ಸಲ ಫಿಟ್ಸ್ ಬರುತ್ತಿತ್ತು.

ಮೊದಲು ಟೆಸ್ಟುಗಳು, ಆಸ್ಪತ್ರೆವಾಸ ಎಲ್ಲ ಆಯಿತು. ನಮ್ಮದು 3:1, ಅಂದರೆ ಪ್ರೋಟೀನ್, ಕಾರ್ಬ್ (ಪಿಷ್ಟ, ಸಕ್ಕರೆ) ಸೇರಿ ಒಂದು ಗ್ರಾಂ ಇದ್ದರೆ ಕೊಬ್ಬು ಮೂರು ಗ್ರಾಂ. ದಿನಕ್ಕೆ 1200 ಕ್ಯಾಲರಿ, ಕೊಬ್ಬು ಸುಮಾರು 116 ಗ್ರಾಂ, ಪ್ರೋಟೀನ್ ಕಾರ್ಬ್ ಸೇರಿ 39. ಲೆಕ್ಕ ಪಕ್ಕಾ. ಆದರೂ ಮನೆಗೆ ಬಂದು ಮೂರು ವಾರವಾದರೂ ಮೂತ್ರದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಬರುವ ಅಂಶ) ನೋಡುವ ಸ್ಟ್ರಿಪ್ ತಿಳಿ ಗುಲಾಬಿ ದಾಟಲಿಲ್ಲ; ಪಥ್ಯ ಹತ್ತಿದರೆ ಅದು ನೇರಳೆಗೆ ತಿರುಗಬೇಕು. ಸ್ಟ್ರಿಪ್ ಡಬ್ಬಿಗೆ ಐನೂರೋ ಆರುನೂರೋ ರೂಪಾಯಿ, ಎರಡು ಖಾಲಿಯಾದವು. ಡಯಟಿಷಿಯನ್ "ಎಲ್ಲೋ ಕದ್ದು ತಿಂತಿದ್ದಾನೆ" ಅಂದರು. ಬೇಜಾರಾಯಿತು.

ಒಂದು ದಿನ ಅವನು ಉಂಡ ಬಟ್ಟಲನ್ನು ಸುಮ್ನೆ ತೂಕದ ಮಷೀನ್ ಮೇಲಿಟ್ಟೆ. ಖಾಲಿ ಬಟ್ಟಲಿಗಿಂತ ಏಳು ಗ್ರಾಂ ಜಾಸ್ತಿ! ಬೆಂಗಳೂರಿನ ಡಿಸೆಂಬರ್ ಚಳಿ. ತುಪ್ಪ, ಕೊಬ್ಬರಿ ಎಣ್ಣೆ ಎರಡೂ ಸ್ಟೀಲಿಗೇ ಗಟ್ಟಿಯಾಗಿ ಕೂತಿದ್ದವು. ನಾಲ್ಕು ಊಟಕ್ಕೆ 28 ಗ್ರಾಂ ಸಿಂಕಿಗೆ ಹೋಗುತ್ತಿತ್ತು. 3:1 ಅಂದುಕೊಂಡಿದ್ದು ನಿಜವಾಗಿ ಎರಡೂಕಾಲಕ್ಕೆ ಒಂದು, ಅಷ್ಟೇ. ಪಿಂಗಾಣಿ ಬಟ್ಟಲನ್ನು ಬಿಸಿನೀರಲ್ಲಿಟ್ಟು ಬಡಿಸಿ, ಕೊನೆಗೆ ಕೇಕ್ ಮಾಡುವವರ ರಬ್ಬರ್ ಚಮಚದಲ್ಲಿ ಬಳಿದು ತಿನ್ನಿಸಿದೆ. ಚಮಚಕ್ಕೆ ಅರವತ್ತು ರೂಪಾಯಿ. ನಾಲ್ಕನೇ ದಿನ ಸ್ಟ್ರಿಪ್ ನೇರಳೆ. ಈಗ ಆ ಡಯಟಿಷಿಯನ್ನೇ ಬೇರೆ ತಾಯಂದಿರಿಗೆ ಇದನ್ನು ಹೇಳಿಕೊಡುತ್ತಾರಂತೆ!

ಇನ್ನೊಂದು ಪೆಟ್ಟು ಕೆಮ್ಮಿನ ಸಿರಪ್. ಎರಡು ಚಮಚ ಸಕ್ಕರೆ ಪಾಕ, ಮರುದಿನ ಬೆಳಿಗ್ಗೆ ನಾಲ್ಕು ಸಲ ಫಿಟ್ಸ್. ಆಮೇಲೆ ಡಾಕ್ಟರನ್ನು ಕೇಳಿ ಎಲ್ಲ ಮಾತ್ರೆಗೇ ಬದಲಾಯಿಸಿಕೊಂಡೆವು.

ಪಥ್ಯಕ್ಕೆ ತಿಂಗಳಿಗೆ ಒಂಬತ್ತು ಹತ್ತು ಸಾವಿರ ಖರ್ಚಾಗುತ್ತಿತ್ತು, ದುಡ್ಡು ಜಾಸ್ತಿ ತಿಂದಿದ್ದು ಎಂಸಿಟಿ ಎಣ್ಣೆ (ಬೇಗ ಕೀಟೋನ್ ಆಗುವ ಒಂದು ಬಗೆಯ ಕೊಬ್ಬು). 3:1ಕ್ಕೆ ಅದೇ ಆಗಬೇಕು ಅಂತೇನಿಲ್ಲ ಅಂದರು ಡಯಟಿಷಿಯನ್, ಬಿಟ್ಟೆ. ಆರು ಸಾವಿರಕ್ಕೆ ಇಳಿಯಿತು.

ಬಾದಾಮಿ ಹಿಟ್ಟಿನ ಇಡ್ಲಿ ಮಾಡಿದೆ, ಒದ್ದೆ ಸ್ಪಂಜು. ಗಾಂಧಿ ಬಜಾರಿನ ಬೆಣ್ಣೆಹಣ್ಣಿಗೆ ತೆಂಗಿನ ಹಾಲು ಬೆರೆಸಿ ಫ್ರೀಜರಲ್ಲಿಟ್ಟರೆ ಕುಲ್ಫಿ, ಅದಕ್ಕೆ ಅಕ್ಕನ ಮಕ್ಕಳೂ ಕ್ಯೂ. ಕೋಡುಬಳೆಯೂ ಕೈಗೆ ಹತ್ತಿದೆ. ಅದರ ಹಿಟ್ಟು ಯಾವುದು ಅಂತ ಮಾತ್ರ ಕೇಳಬೇಡಿ, ಗುಟ್ಟು.

ಫಿಟ್ಸ್ ಬಂದಾಗಲೆಲ್ಲ ಕ್ಯಾಲೆಂಡರಿನಲ್ಲಿ ಹಾಕುವ ಕೆಂಪು ಗುರುತು ಐದನೇ ತಿಂಗಳು ಮೂರೇ. ಡಾಕ್ಟರ್ ಒಂದು ಔಷಧ ನಿಧಾನವಾಗಿ ಇಳಿಸುತ್ತಿದ್ದಾರೆ. ಮಲಬದ್ಧತೆ ಇನ್ನೂ ಬಿಟ್ಟಿಲ್ಲ, ಮುಂದಿನ ತಿಂಗಳು ಕಿಡ್ನಿ ಸ್ಕ್ಯಾನ್ ಇದೆ. ಅತ್ತೆ ಈಗಲೂ ಅನ್ನದ ಮಾತೆತ್ತುತ್ತಾರೆ, ಬಟ್ಟಲು ಬಳಿಯುವುದು ಮಾತ್ರ ಅವರೇ.