ಮೊದಲ ಸಲ ಮೀಡ್ ಮಾಡ್ತೀರಾ? ಜೇನಿಗಿಂತ ಮೊದಲು ಯೀಸ್ಟ್ ಹೊಟ್ಟೆ ನೋಡಿ

ಮೀಡ್ ಅಂದರೆ ಜೇನಿನ ವೈನ್. ಜೇನು, ನೀರು, ಯೀಸ್ಟ್, ಅಷ್ಟೇ. ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಮಾಡುವುದು ಮನೆಯ ಬೇಸ್‌ಮೆಂಟ್‌ನಲ್ಲಿ. ಇಲ್ಲಿಯ ಫೆಡರಲ್ ಕಾನೂನು ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ವೈನ್ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ. ಊರಲ್ಲಿ ಕೂತು ಓದುತ್ತಿರುವವರು ಮಾತ್ರ ದಯವಿಟ್ಟು ಕೈ ಹಾಕಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಹೊಸಬರು ಕೇಳುವ ಮೊದಲ ಪ್ರಶ್ನೆ, ಯಾವ ಜೇನು ತರಲಿ ಅಂತ. ದುಬಾರಿ ಜೇನು ಬೇಡ. ಅಂಗಡಿಯಲ್ಲಿ ಸಿಗುವ ಸಾಧಾರಣ ಕ್ಲೋವರ್ (ಕ್ಲೋವರ್ ಗಿಡದ ಹೂವಿನ) ಜೇನು ಸಾಕು, ಆದರೆ ಬರೀ ಜೇನಾಗಿರಬೇಕು, ಸಿರಪ್ ಬೆರೆಸಿದ್ದು ಬೇಡ. ಉಳಿದ ದುಡ್ಡಿನಲ್ಲಿ ಒಂದು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆದು ಸಕ್ಕರೆ ಎಷ್ಟಿದೆ ಅಂತ ತೋರಿಸುವ ಕೊಳವೆ) ಮತ್ತು ಯೀಸ್ಟ್ ಪೋಷಕಾಂಶದ ಒಂದು ಪ್ಯಾಕೆಟ್ ತಗೊಳ್ಳಿ. ಹೆಚ್ಚಿನವರು ಬಿಟ್ಟುಬಿಡುವುದು ಇವೆರಡನ್ನೇ, ಆಮೇಲೆ ಜೇನನ್ನು ಬೈಯುತ್ತಾರೆ.

ಯಾಕೆ ಅಂದರೆ, ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ಸಾರಜನಕ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದ್ರಾಕ್ಷಿ ರಸದಲ್ಲಿ ಯೀಸ್ಟ್‌ಗೆ ಬೇಕಾದ್ದು ಸಾಕಷ್ಟು ಇರುತ್ತದೆ, ಇಲ್ಲಿ ನಾವೇ ಹಾಕಬೇಕು. ಹಾಕದಿದ್ದರೆ ಯೀಸ್ಟ್ ಬಳಲುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ, ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ. ಹಾಗಂತ ಜೇನು ತಾನಾಗಿ ಹುಳಿಯುವುದೇ ಇಲ್ಲ ಅಂತಲ್ಲ. ಮಲೆನಾಡಿನವರಿಗೆ ಗೊತ್ತು, ನೀರಿನಂಶ ಜಾಸ್ತಿ ಇರುವ ಹೆಜ್ಜೇನಿನ ತುಪ್ಪ ಬಾಟಲಿಯಲ್ಲೇ ನೊರೆ ಎದ್ದು ಹುಳಿ ಬರುತ್ತದೆ. ಶೇಕಡಾ 18ಕ್ಕಿಂತ ಕಡಿಮೆ ನೀರಿದ್ದರೆ ಸಾಮಾನ್ಯವಾಗಿ ಕೆಡುವುದಿಲ್ಲ.

ನಾನು ಮಾಡುವುದು ಒಂದು ಗ್ಯಾಲನ್, ಅಂದರೆ 3.8 ಲೀಟರ್. ಎರಡೂವರೆ ಪೌಂಡ್ ಜೇನು, ಸುಮಾರು 1.13 ಕಿಲೋ. ಅದಕ್ಕೆ ಸ್ಪ್ರಿಂಗ್ ವಾಟರ್ ಸೇರಿಸಿ ಒಟ್ಟು ಒಂದು ಗ್ಯಾಲನ್ ಮಾಡುತ್ತೇನೆ. ಕುದಿಸುವುದಿಲ್ಲ. ಕುದಿಸಿದರೆ ಹೂವಿನ ಪರಿಮಳವೆಲ್ಲ ಆವಿಯ ಜೊತೆ ಹೋಗುತ್ತದೆ, ಆಮೇಲೆ ಜೇನು ಹಾಕಿ ಏನು ಪ್ರಯೋಜನ ಹೇಳಿ. ಜಾರು, ಚಮಚ, ಕೊಳವೆ, ಮುಟ್ಟುವುದನ್ನೆಲ್ಲ ಸ್ಟಾರ್ ಸ್ಯಾನ್ ಅನ್ನುವ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದಬೇಕು. ಅದರ ನೊರೆ ಉಳಿದರೆ ಹೆದರಬೇಡಿ, ತೊಳೆಯಬೇಕಿಲ್ಲ. ಹೈಡ್ರೋಮೀಟರ್ ಈಗ 1.088ರ ಆಸುಪಾಸು ತೋರಿಸುತ್ತದೆ. ಬರೆದಿಟ್ಟುಕೊಳ್ಳಿ.

ಇದಕ್ಕೆ ನಾನು ಹಾಕುವ ಯೀಸ್ಟ್ ಲಾಲ್ವಿನ್ ಕಂಪನಿಯ ಡಿ47. ಇದಕ್ಕೆ ತಂಪು ಬೇಕು, 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೀಡ್ ಗಂಟಲು ಸುಡುವ ಹಾಗೆ ಖಾರ ಆಗುತ್ತದೆ. ಇಡ್ಲಿ ಹಿಟ್ಟನ್ನು ಇಲ್ಲಿ ಓವನ್ ಲೈಟ್ ಹಾಕಿ ಬೆಚ್ಚಗೆ ಇಡುತ್ತೇವಲ್ವಾ, ಇದರದ್ದು ಅದಕ್ಕೆ ಪೂರ್ತಿ ಉಲ್ಟಾ. ನಿಮ್ಮ ಮನೆ ಬಿಸಿಯಿದ್ದರೆ 71ಬಿ ಅನ್ನುವ ಯೀಸ್ಟ್ ತಗೊಳ್ಳಿ, ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ. ಇಸಿ-1118 ಯೀಸ್ಟ್ ಬೇಡ ಅಂತೀನಿ, ಅದು ಆಲ್ಕೋಹಾಲನ್ನು ಶೇಕಡಾ 18ರವರೆಗೂ ಎಳೆಯುತ್ತದೆ, ಆದರೆ ಜೇನಿನ ವಾಸನೆಯನ್ನು ಉಳಿಸುವುದಿಲ್ಲ.

ಪೋಷಕಾಂಶವನ್ನು ಒಂದೇ ಸಲ ಸುರಿಯಬೇಡಿ. ಫರ್ಮೇಡ್ ಓ ಅನ್ನುವ ಯೀಸ್ಟ್ ಪೋಷಕಾಂಶ ತಲಾ ಒಂದು ಗ್ರಾಂ, ಯೀಸ್ಟ್ ಹಾಕಿದ 24, 48, 72 ಗಂಟೆಗೆ, ಕೊನೆಯದು ಸಕ್ಕರೆ ಮೂರರಲ್ಲೊಂದು ಭಾಗ ಕರಗಿದಾಗ, ಅಂದರೆ ಹೈಡ್ರೋಮೀಟರ್ 1.058ರ ಹತ್ತಿರ ಬಂದಾಗ. ಹಾಕುವ ಮೊದಲು ಜಾರನ್ನು ಮೆಲ್ಲಗೆ ಸುತ್ತಾಡಿಸಿ ಒಳಗಿನ ಗ್ಯಾಸ್ ಬಿಡಿಸಬೇಕು. ಸೀದಾ ಪುಡಿ ಹಾಕಿದರೆ ಗ್ಯಾಸ್ ಒಮ್ಮೆಲೇ ನುಗ್ಗಿ ಜಾರಿನ ಬಾಯಿಂದ ಜೇನು ನೀರು ಉಕ್ಕುತ್ತದೆ, ಕಾರ್ಪೆಟ್ ಮೇಲಾದರೆ ಅಂಟು ಬಿಡಿಸುವುದು ನಿಮ್ಮ ಪಾಡು.

ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿಯನ್ನು ಒಳಗೆ ಬಿಡದ, ಜಾರಿನ ಬಾಯಿಯ ಮುಚ್ಚಳ) ಗುಳ್ಳೆ ನಿಂತಿತು ಅಂತ ಮುಗಿಯಿತು ಅಂದುಕೊಳ್ಳಬೇಡಿ. ಎರಡು ವಾರದ ಅಂತರದಲ್ಲಿ ಹೈಡ್ರೋಮೀಟರ್ ಹಾಕಿ ಎರಡು ಸಲ ಅಳೆದು, ಎರಡೂ ಒಂದೇ ಬಂದರೆ ಮಾತ್ರ ಮುಗಿದಂತೆ. 1.000ಕ್ಕೆ ಇಳಿದಿದ್ದರೆ ಲೆಕ್ಕ ಸುಲಭ: ಮೊದಲ ಅಂಕಿಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿ. ಸುಮಾರು ಶೇಕಡಾ 11.5 ಆಲ್ಕೋಹಾಲ್. ಆಮೇಲೆ ಗಸಿ ಬಿಟ್ಟು ತಿಳಿಯನ್ನು ಸೈಫನ್‌ನಲ್ಲಿ ಇನ್ನೊಂದು ಜಾರಿಗೆ ಇಳಿಸಿ, ಕುತ್ತಿಗೆವರೆಗೂ ತುಂಬಿರಲಿ. ಮೇಲೆ ಖಾಲಿ ಜಾಗ ಬಿಟ್ಟರೆ ಗಾಳಿ ತಾಗಿ ಹಾಳಾಗುತ್ತದೆ.

ಈ ಹಂತದಲ್ಲಿ ರುಚಿ ನೋಡಿದರೆ ಬೇಜಾರಾಗುವುದು ಸಹಜ. ಸಿಹಿಯೇ ಇರುವುದಿಲ್ಲ, ಒರಟು ಒರಟು. ಸಿಹಿ ಬೇಕು ಅಂದರೆ ತಿಳಿಯಾದ ಮೇಲೆ ಒಂದು ಕ್ಯಾಂಪ್‌ಡೆನ್ ಮಾತ್ರೆ ಮತ್ತು ಅರ್ಧ ಟೀ ಚಮಚ ಪೊಟ್ಯಾಸಿಯಂ ಸಾರ್ಬೇಟ್ (ಎರಡೂ ಯೀಸ್ಟ್ ಮತ್ತೆ ಶುರು ಮಾಡದ ಹಾಗೆ ತಡೆಯುವವು) ಹಾಕಿ, ಒಂದು ದಿನ ಬಿಟ್ಟು ಜೇನು ಸೇರಿಸಿ. ಇದರಲ್ಲಿ ಅವಸರ ಬೇಡವೇ ಬೇಡ. ಸುಮ್ನೆ ಜೇನು ಕಲಸಿ ಮುಚ್ಚಳ ಬಿಗಿದರೆ ಉಳಿದ ಯೀಸ್ಟ್ ಮತ್ತೆ ಶುರು ಮಾಡುತ್ತದೆ, ಗಾಜಿನ ಬಾಟಲಿ ಒಡೆದು ಚೂರು ಹಾರುತ್ತದೆ.

ಮೆಥನಾಲ್ ಅನ್ನುವ ವಿಷದ ಬಗ್ಗೆ ಮನೆಯವರು ಕೇಳಿಯೇ ಕೇಳುತ್ತಾರೆ. ಕಳ್ಳಭಟ್ಟಿಯ ಸುದ್ದಿ ಕೇಳಿ ಬೆಳೆದವರು ನಾವು, ಕೇಳದೆ ಇರುತ್ತಾರೆಯೇ? ಇಲ್ಲಿ ನಾವು ಬಟ್ಟಿ ಇಳಿಸುತ್ತಿಲ್ಲ, ಬರೀ ಹುದುಗಿಸುತ್ತಿದ್ದೇವೆ, ಜೇನಿನ ಹುದುಗಿನಲ್ಲಿ ಆ ಭಯ ಇಲ್ಲ. ಬಟ್ಟಿ ಇಳಿಸುವುದಕ್ಕೆ ಅಮೆರಿಕದಲ್ಲೂ ಪರ್ಮಿಟ್ ಬೇಕು, ಆ ದಾರಿಗೆ ಹೋಗಬೇಡಿ.

ಬಾಟಲಿಗೆ ತುಂಬಿ ಆರು ತಿಂಗಳಾದರೂ ಬಿಡಿ. ಅಷ್ಟು ಕಾಯಲು ಆಗದವರು ಮೊದಲ ಗ್ಯಾಲನ್ ಮುಗಿಯುತ್ತಿದ್ದ ಹಾಗೇ ಎರಡನೆಯದನ್ನು ಹಾಕಿಬಿಡಿ, ಕೈಗೆ ಕೆಲಸ ಇದ್ದರೆ ಬಾಟಲಿ ಮುಚ್ಚಳ ಬೇಗ ತೆಗೆಯುವುದಿಲ್ಲ.